ಇವಳು ಸ್ವಲ್ಪ ನಿಧಾನ

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ ಅಮ್ಮ ಹೇಳಿದ ಮಾತು ಇನ್ನೂ ನೆನಪಿದೆ. "ಹುಡುಗಿ ಸ್ವಲ್ಪ ನಿಧಾನ. ಆದ್ರೆ ತುಂಬ ಸಮಾಧಾನದವಳು." ಅದು ಕ್ಷಮೆ ಕೇಳಿದ ಹಾಗೂ ಇತ್ತು, ಹೊಗಳಿದ ಹಾಗೂ ಇತ್ತು. ಅಡುಗೆಮನೆಯಿಂದ ಹಜಾರಕ್ಕೆ ನಾನು ತಟ್ಟೆಗಳನ್ನು ತರುವಷ್ಟರಲ್ಲಿ ಉಪ್ಪಿಟ್ಟು ಆರಿಹೋಗಿತ್ತು. ಆರಿದ ಉಪ್ಪಿಟ್ಟನ್ನೇ ತಿಂದು ಒಪ್ಪಿಕೊಂಡವರು ಶ್ರೀಧರ. ಮದುವೆಯಾಗಿ ತಮಿಳು ಸೀಮೆಗೆ, ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿಗೆ ಬಂದೆ. ಅವರು ಅಲ್ಲಿನ ವರ್ಕ್‌ಷಾಪಿನಲ್ಲಿ ಇಂಜಿನಿಯರು. ನನಗೆ ಆಮೇಲೆ ಟಿ. ನಗರದ ಒಂದು ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಹೋದಲ್ಲೆಲ್ಲ ಅಮ್ಮನ ಮಾತು ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಪದ್ಮ ಸ್ವಲ್ಪ ನಿಧಾನ. ಪದ್ಮ ಜಗಳ ಆಡೋದಿಲ್ಲ. ಪದ್ಮ ಯಾವಾಗಲೂ ಏನೋ ಕನಸು ಕಾಣ್ತಾ ಇರ್ತಾಳೆ.

ಕನಸು ಕಾಣುತ್ತಿದ್ದದ್ದು ನಿಜ. ಎಚ್ಚರ ಮತ್ತು ನಿದ್ದೆಯ ನಡುವೆ ಬೇರೆಯವರಿಗೆ ಒಂದು ಹೊಸಿಲು ಇರುತ್ತದೆ. ನನಗೆ ಒಂದು ದೊಡ್ಡ ಪಡಸಾಲೆಯೇ ಇತ್ತು. ಹೆಚ್ಚಿನ ಹೊತ್ತು ಅಲ್ಲೇ ಇರುತ್ತಿದ್ದೆ. ಬಸ್ಸಿನ ಕಿಟಕಿಯಾಚೆ ಸೀರೆ ಅಂಗಡಿಗಳ ಗಾಜು, ಚಿನ್ನದ ಅಂಗಡಿಗಳ ದೀಪ, ಹೂ ಕಟ್ಟುವವರ ಬೆರಳು, ಎಲ್ಲವೂ ನೀರಿನ ಕೆಳಗಿದ್ದಂತೆ ತೇಲಿಹೋಗುತ್ತಿದ್ದವು. ಕಿವಿಯೊಳಗೆ ಸದಾ ಒಂದು ಸದ್ದು. ಶಂಖವನ್ನು ಕಿವಿಗೆ ಹಿಡಿದಾಗ ಬರುತ್ತದಲ್ಲ, ಆ ಥರ ಬಂದು ಹೋಗುವ ಸದ್ದು. ಮದುವೆಗೆ ಮುಂಚೆ ಅದನ್ನು ಗಾಳಿ ಅಂದುಕೊಂಡಿದ್ದೆ. ಪೆರಂಬೂರಿಗೆ ಬಂದ ಮೇಲೆ ರೈಲಿನ ಸದ್ದಿನ ಜೊತೆ ಬೆರೆತುಹೋಯಿತು. ಅದು ನನ್ನದೇ ರಕ್ತದ ಸದ್ದು, ಸಾಲದಿದ್ದ ರಕ್ತವನ್ನು ಹೃದಯ ಓಡಿಸಿ ಓಡಿಸಿ ಕಳಿಸುತ್ತಿರುವ ಸದ್ದು ಎಂದು ನನಗೆ ಹೇಗೆ ಗೊತ್ತಾಗಬೇಕು? ಎಲ್ಲರಿಗೂ ಹೀಗೇ ಕೇಳಿಸುತ್ತದೆ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ ಅಷ್ಟೇ, ಅಂತ ನಾನು ತಿಳಿದಿದ್ದೆ.

ರಕ್ತ ಕಮ್ಮಿ ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅದು ನಮ್ಮ ಮನೆಯಲ್ಲಿ ಕಾಯಿಲೆಯಾಗಿರಲಿಲ್ಲ, ಮೂಗು ಚಪ್ಪಟೆ ಅನ್ನುವ ಹಾಗೆ ಒಂದು ಲಕ್ಷಣವಾಗಿತ್ತು. ಖರ್ಜೂರ, ಬೀಟ್‌ರೂಟು, ನುಗ್ಗೆಸೊಪ್ಪು, ಬೆಲ್ಲ. ಶಾಲೆಯಲ್ಲಿ ಕೊಡುತ್ತಿದ್ದ ಕೆಂಪು ಮಾತ್ರೆ. ಬಸುರಿಯಾಗಿದ್ದಾಗ ಕಬ್ಬಿಣದ ಇಂಜೆಕ್ಷನ್. ಆಮೇಲೆ ಬಾಯಿ ಕಪ್ಪಾಗಿಸುವ ಟಾನಿಕ್ಕು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬಂದು ನಮ್ಮ ಜೊತೆಯೇ ಇದ್ದಳು. ಬರುವಾಗ ಒಂದು ಕಬ್ಬಿಣದ ಬಾಣಲೆ ತಂದಿದ್ದಳು, ನನ್ನ ಪಲ್ಯವನ್ನೆಲ್ಲ ಅದರಲ್ಲೇ ಮಾಡುತ್ತಿದ್ದಳು. ನಾನು ತಿಂದೆ. ನಲವತ್ತು ದಾಟುವವರೆಗೂ ತಿಂದೆ.

ಕೊನೆಗೆ ಎಲ್ಲ ಹೊರಗೆ ಬಂದದ್ದು ಹೊಟ್ಟೆನೋವಿನಿಂದ. ಪಿತ್ತಕೋಶದಲ್ಲಿ ಕಲ್ಲು ಅಂದರು. ಸಣ್ಣ ಆಪರೇಷನ್, ಮಾರನೇ ದಿನ ಮನೆಗೆ ಹೋಗಬಹುದು ಅಂದರು. ಹಸಿರು ಗೌನು ತೊಡಿಸಿ ಮಲಗಿಸಿದ್ದರು. ಅರಿವಳಿಕೆ ಕೊಡಬೇಕಾಗಿದ್ದ ಡಾಕ್ಟರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಹೊಟ್ಟೆಯ ಎಡಭಾಗವನ್ನು ಒತ್ತಿ ನೋಡಿದರು, ರಿಪೋರ್ಟು ತಿರುವಿದರು. ಆಮೇಲೆ ತಮಿಳಿನಲ್ಲಿ ಮೆಲ್ಲಗೆ ಕೇಳಿದರು, "ಅಮ್ಮಾ, ನಿಮ್ಮ ಕಣ್ಣು ಯಾವಾಗಿಂದ ಹಳದಿ?"

"ಹುಟ್ಟಿದಾಗಿಂದ ಹೀಗೇ ಇದೆ," ಅಂದೆ.

ಅವರು ನಗಲಿಲ್ಲ. "ಇವತ್ತು ಬೇಡ," ಎಂದು ನರ್ಸಿಗೆ ಹೇಳಿ ಹೊರಟುಹೋದರು.

ರಕ್ತದ ಕಾಯಿಲೆಗಳನ್ನೇ ನೋಡುವ ಡಾಕ್ಟರಮ್ಮನ ಬಳಿಗೆ ಕಳಿಸಿದರು. ನರೆತ ಕೂದಲನ್ನು ಹಾಗೇ ಬಿಟ್ಟಿದ್ದ, ಮಾತಾಡುವಾಗ ಪೆನ್ನು ಕೆಳಗಿಡುತ್ತಿದ್ದ ಹೆಂಗಸು. ಟೆಸ್ಟುಗಳೆಲ್ಲ ಬಂದ ಮೇಲೆ ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ: ನನ್ನ ಮೈಯಲ್ಲಿ ಕಬ್ಬಿಣ ಕಮ್ಮಿ ಇರಲಿಲ್ಲ, ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಿತ್ತು. ನನ್ನ ರಕ್ತಕಣಗಳು ಹುಟ್ಟುವಾಗಲೇ ಬಲವಿಲ್ಲದೆ ಹುಟ್ಟುತ್ತವೆ, ಬೇಗ ಒಡೆದುಹೋಗುತ್ತವೆ. ಥಲಸ್ಸೀಮಿಯಾ, ಅದರಲ್ಲಿ ನಡುಮಧ್ಯದ ಒಂದು ಬಗೆ. ಮಗುವಾಗಿದ್ದಾಗಲೇ ಮಲಗಿಸಿಬಿಡುವಷ್ಟು ಜೋರಲ್ಲ, ಕಡೆಗಣಿಸುವಷ್ಟು ಸಣ್ಣದೂ ಅಲ್ಲ.

"ಇಷ್ಟು ವರ್ಷ ಕಬ್ಬಿಣದ ಮಾತ್ರೆ ಯಾರು ಕೊಟ್ಟರು?" ಎಂದು ಕೇಳಿದರು.

ಯಾರ ಹೆಸರು ಹೇಳಲಿ? ಪಕ್ಕದಲ್ಲಿ ಕೂತಿದ್ದ ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಇದು ತಾಯಿ ತಂದೆ ಇಬ್ಬರಿಂದಲೂ ಬರಬೇಕು, ಸಂಬಂಧದಲ್ಲಿ ಮದುವೆಯೇನಾದರೂ ಇತ್ತೇ ಎಂದು ಡಾಕ್ಟರಮ್ಮ ಸಹಜವಾಗಿ ಕೇಳಿದರು. ನನ್ನ ಅಮ್ಮ ಮದುವೆಯಾಗಿದ್ದು ತನ್ನ ಸೋದರಮಾವನನ್ನೇ. ನಮ್ಮ ಕಡೆ ಅದು ವಿಶೇಷವೇನಲ್ಲ. ಉತ್ತರವನ್ನು ನಾನೇ ಕೊಟ್ಟೆ.

ಮನೆಗೆ ಆಟೋದಲ್ಲಿ ಬಂದೆವು. ಮೆಟ್ರೋ ಕೆಲಸಕ್ಕೆ ರಸ್ತೆ ಅಗೆದಿದ್ದರು, ಧೂಳಿನಲ್ಲಿ ಬಿಸಿಲು ಹಿಟ್ಟಿನ ಹಾಗೆ ತೂರಾಡುತ್ತಿತ್ತು. ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಅಮ್ಮ ಅಂದಳು, "ಬೇರೆ ಮನೆಗೆ ಕೊಟ್ರೆ ಹೆಣ್ಣು ದೂರ ಆಗ್ತಾಳೆ ಅಂತ ನಮ್ಮಜ್ಜಿ ಹಟ ಹಿಡಿದ್ಲು ಕಣೇ. ನನಗೆ ಹದಿನೇಳು. ನಿಮ್ಮಪ್ಪ ನನ್ನ ಎತ್ತಿ ಆಡಿಸಿದೋರು." ಸ್ವಲ್ಪ ಹೊತ್ತಾದ ಮೇಲೆ, "ಬಾಣಲೆ ಎತ್ತಿಡ್ತೀನಿ," ಅಂದಳು. ಅವಳ ಕೈ ಹಿಡಿದುಕೊಂಡೆ. ಪ್ರೀತಿಯಿಂದ ಮಾಡಿದ್ದೆಲ್ಲ ಮೈಗೆ ಒಳ್ಳೆಯದಾಗಿಯೇ ಇರಬೇಕು ಅಂತ ಎಲ್ಲಿದೆ? ಹಾಗೆಂದು ಅದು ಪ್ರೀತಿಯಲ್ಲದೆ ಹೋಗುತ್ತದೆಯೇ?

ಮಗಳು ಅನಘಾಳಿಗೂ ಪರೀಕ್ಷೆ ಮಾಡಿಸಿದೆವು. ಅವಳಾಗ ಪ್ಲಸ್ ಟೂ ಓದುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವುದು ಮನೆಯ ರೂಢಿ. ಅವಳು ಆರೋಗ್ಯವಾಗಿದ್ದಾಳೆ, ಆದರೆ ನನ್ನದೊಂದು ಪಾಲು ಅವಳಲ್ಲೂ ಇದೆ, ಮುಂದೆ ಮದುವೆಯಾಗುವ ಹುಡುಗನ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು ಅಂದರು. ಅವಳು ತಟ್ಟೆಯ ಮುಂದೆ ಕೂತು, "ಸರಿ, ಮೊದಲು ಬ್ಲಡ್ ರಿಪೋರ್ಟ್, ಆಮೇಲೆ ಕಾಫಿ," ಎಂದು ತಮಿಳಿನಲ್ಲಿ ಅಂದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, ಅಪರೂಪಕ್ಕೆ ಕನ್ನಡದಲ್ಲಿ, "ಅಜ್ಜಿ, ನೀನು ಅಳಬೇಡ. ನಿಂಗೇನು ಗೊತ್ತಿತ್ತು?" ಅಂದಳು. ಅವತ್ತು ನಾವು ಮೂವರೂ ಅತ್ತದ್ದು ಅದಕ್ಕೇ.

ರಕ್ತ ಹಾಕಿ ಪಿತ್ತಕೋಶದ ಆಪರೇಷನ್ ಮುಗಿಸಿದರು. ಕೆಲವು ವಾರ ಸುಸ್ತು ಇಳಿದ ಹಾಗಿತ್ತು, ಆದರೆ ಹೊಲಿಗೆಯ ನೋವಿನ ನಡುವೆ ಅದನ್ನು ಗಮನಿಸಿದವರು ಯಾರು? ನಿಧಾನಕ್ಕೆ ಮತ್ತೆ ನನ್ನ ಪಡಸಾಲೆಗೆ ಮರಳಿದೆ. ಮೈಯಲ್ಲಿ ತುಂಬಿದ್ದ ಕಬ್ಬಿಣ ಇಳಿಸಲು ಬೇರೆ ಮಾತ್ರೆ ನುಂಗುತ್ತಿದ್ದೆ. ಅದಾಗಿ ಬಹಳ ತಿಂಗಳ ಮೇಲೆ, ಒಂದು ಭೇಟಿಯಲ್ಲಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅಂದರು, "ಒಂದು ಹೊಸ ಮಾತ್ರೆಯ ಅಧ್ಯಯನ ನಡೀತಾ ಇದೆ. ರಕ್ತಕಣ ಅಷ್ಟು ಬೇಗ ಒಡೆಯದ ಹಾಗೆ ಮಾಡಬಹುದು ಅಂತ ನಿರೀಕ್ಷೆ. ಮಾಡದೇ ಇರಬಹುದು. ಮೂರು ಜನರಲ್ಲಿ ಇಬ್ಬರಿಗೆ ನಿಜವಾದ ಮಾತ್ರೆ, ಒಬ್ಬರಿಗೆ ಬರೀ ಸಕ್ಕರೆಯಂಥದ್ದು. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ಯೋಚನೆ ಮಾಡಿ ಬನ್ನಿ."

ಶ್ರೀಧರರಿಗೆ ಒಂದಿಷ್ಟೂ ಇಷ್ಟವಾಗಲಿಲ್ಲ. "ನೀನೇನು ಇಲಿಯಾ?" ಅಂದರು. "ಇಷ್ಟು ದಿನ ನಡೀಲಿಲ್ವಾ? ನಾವೇನು ಕಮ್ಮಿ ಮಾಡಿದೀವಿ ನಿನಗೆ?" ರೈಲುಗಾಡಿಯ ಬ್ರೇಕನ್ನು ಪರೀಕ್ಷೆ ಮಾಡದೆ ಹಳಿಗೆ ಬಿಡದ ಮನುಷ್ಯ, ಪರೀಕ್ಷೆ ಅಂದರೇನು ಅಂತ ಅವರಿಗೆ ಗೊತ್ತು. ಆದರೆ ಹಳಿಯ ಮೇಲೆ ಹೆಂಡತಿ ನಿಂತಿದ್ದಾಗ ಮಾತು ಬೇರೆ. ನಾನು ಎಂದಿನಂತೆ ಸುಮ್ಮನಿದ್ದೆ. ಮಾತಾಡಿದ್ದು ಅಮ್ಮ. "ಗೊತ್ತಿಲ್ಲದೆ ಕೊಟ್ಟಿದ್ದನ್ನ ನಲವತ್ತು ವರ್ಷ ನುಂಗಿದಾಳೆ," ಅಂದಳು. "ಇವರು ಗೊತ್ತಿಲ್ಲ ಅಂತ ಹೇಳಿಯೇ ಕೊಡ್ತಾರಂತೆ. ಅವಳಿಗೆ ಮನಸ್ಸಿದ್ರೆ ಸೇರಲಿ."

ನನಗೆ ಮನಸ್ಸಿತ್ತು. ಯಾಕೆ ಅಂತ ಆಗ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಒಪ್ಪಿಗೆ ಕೊಡುವುದಕ್ಕೇ ಒಂದು ಬೆಳಗು ಹಿಡಿಯಿತು. ಭಾರ್ಗವಿ ಎನ್ನುವ ಹುಡುಗಿ ಆ ಅಧ್ಯಯನದ ಕೆಲಸ ನೋಡಿಕೊಳ್ಳುತ್ತಿದ್ದಳು. ಸಣ್ಣ ಕೋಣೆ, ಮೇಜಿನ ಮೇಲೆ ಕ್ಯಾಮೆರಾ. ಅವಳು ಒಂದೊಂದೇ ವಿಷಯ ಓದಿ ಹೇಳುವುದು, ನಾನು ಅರ್ಥವಾಯಿತು ಅನ್ನುವುದು, ಎಲ್ಲವೂ ರೆಕಾರ್ಡ್ ಆಗಬೇಕು. ತಮಿಳು ಮಾತಾಡುತ್ತೇನೆ, ಓದುವುದು ಕಷ್ಟ ಅಂದದ್ದಕ್ಕೆ ಕನ್ನಡದ ಪ್ರತಿಯನ್ನೇ ತರಿಸಿಟ್ಟಿದ್ದಳು. ಅದರಲ್ಲಿ ಸಕ್ಕರೆ ಮಾತ್ರೆಗೆ 'ಹುಸಿಮಾತ್ರೆ' ಎಂದು ಬರೆದಿತ್ತು. ಆ ಪದ ನೋಡಿ ನನಗೇಕೋ ಸಮಾಧಾನವಾಯಿತು. ನೀವು ಯಾವಾಗ ಬೇಕಾದರೂ ಬಿಟ್ಟುಹೋಗಬಹುದು, ಯಾರೂ ಕಾರಣ ಕೇಳುವಂತಿಲ್ಲ ಅಂದಳು. ಈ ಅವಧಿಯಲ್ಲಿ ಗರ್ಭಿಣಿಯಾಗಬಾರದು ಅಂದಳು. ನಾನು ನಕ್ಕೆ. ಅವಳು ನಗದೆ, ಕ್ಯಾಮೆರಾ ಕಡೆ ಕಣ್ಣು ತೋರಿಸಿ, "ಅರ್ಥವಾಯಿತು ಅನ್ನಿ, ಮೇಡಂ," ಅಂದಳು.

ಆ ನಿಯಮ ಯಾರಿಗೆ ನಗುವ ವಿಷಯವಲ್ಲ ಎಂದು ಗೊತ್ತಾದದ್ದು ಸ್ಟೆಲ್ಲಾಳ ಪರಿಚಯವಾದ ಮೇಲೆ.

ಆಸ್ಪತ್ರೆಯ ಹಿಂಬದಿಯಲ್ಲಿ, ಬೇವಿನ ಮರದ ಕಡೆಗೆ ಕಿಟಕಿಯಿದ್ದ ಒಂದು ಕಾಯುವ ಕೋಣೆ. ನೀಲಿ ಕುರ್ಚಿಗಳು. ರಕ್ತ ತೆಗೆಸಿಕೊಂಡವರು ಮೊಣಕೈ ಮಡಚಿಕೊಂಡು, ಎದೆಗೆ ಏನನ್ನೋ ಅಪ್ಪಿಕೊಂಡವರ ಹಾಗೆ ಕೂತಿರುತ್ತಿದ್ದರು. ಯಾರೂ ಅವಸರದವರಲ್ಲ. ಎಲ್ಲರ ಕಣ್ಣೂ ಒಂದೇ ತಿಳಿಹಳದಿ, ಎಲ್ಲರ ಮಾತೂ ನಡುನಡುವೆ ಉಸಿರಿಗೆ ನಿಲ್ಲುವಂಥದ್ದು. ಮೊದಲ ಸಲ ಅಲ್ಲಿ ಕೂತಾಗ ನನಗೆ ವಿಚಿತ್ರವಾದ ಸುಖವಾಯಿತು. ಹುಟ್ಟಿದ ದ್ವೀಪಕ್ಕೆ ಮೊದಲ ಬಾರಿ ಹೋದ ಹಾಗೆ. ಇಲ್ಲಿ ನಾನು ನಿಧಾನದವಳಾಗಿರಲಿಲ್ಲ.

ಸ್ಟೆಲ್ಲಾ ಪಕ್ಕದ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದಳು. ತಲೆ ಜಾರಿ ನನ್ನ ಭುಜಕ್ಕೆ ಬಂತು. ಎಬ್ಬಿಸಲಿಲ್ಲ. ಅವಳ ಹೆಸರು ಕೂಗಿದಾಗ ಗಾಬರಿಯಿಂದ ಎದ್ದು, "ಸಾರಿ ಅಕ್ಕಾ," ಅಂದಳು. "ಪರವಾಗಿಲ್ಲ, ನನಗೂ ನಿದ್ದೆ ಬಂದಿತ್ತು," ಅಂದೆ. ಹಾಗೆ ಶುರುವಾಯಿತು. ಅವಳು ಕಾಸಿಮೇಡಿನವಳು. ಗಂಡ ಮೀನಿನ ದೋಣಿಯಲ್ಲಿ ಹೋಗುವವನು, ಒಮ್ಮೆ ಹೋದರೆ ವಾರಗಟ್ಟಲೆ ಸಮುದ್ರದ ಮೇಲೆ. ಇವಳು ಮನೆಯಲ್ಲೇ ಶಾಲೆಯ ಯೂನಿಫಾರ್ಮು ಹೊಲಿಯುತ್ತಿದ್ದಳು. ಮೂವತ್ತು ದಾಟಿ ಒಂದೆರಡು ವರ್ಷ. ಅವಳಿಗೆ ಕಾಯಿಲೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು, ನಡುನಡುವೆ ರಕ್ತವನ್ನೂ ಹಾಕಿಸಿಕೊಂಡಿದ್ದಳು. ನನ್ನ ಕನ್ನಡ ಬೆರೆತ ತಮಿಳು ಕೇಳಿ ಅವಳಿಗೆ ನಗು. ಅವಳ ಮಾತನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರ ಉಪ್ಪು ಅಷ್ಟಾಗಿ ಬರುವುದಿಲ್ಲ.

"ಅಕ್ಕಾ, ನಿಮಗೂ ಕಿವಿಯಲ್ಲಿ ಸಮುದ್ರ ಕೇಳುತ್ತಾ?" ಎಂದು ಒಂದು ದಿನ ಕೇಳಿದಳು.

ಬದುಕಿನಲ್ಲಿ ಮೊದಲ ಬಾರಿಗೆ ಒಬ್ಬರು ಅದನ್ನು ಕೇಳಿದ್ದರು. ಹೌದು ಅಂತ ತಲೆಯಾಡಿಸಿದೆ. "ನಮ್ಮ ಬೀದಿ ಕೊನೆಯಲ್ಲೇ ನಿಜವಾದ ಸಮುದ್ರ ಇದೆ," ಅಂದಳು. "ಯಾವುದು ಯಾವುದು ಅಂತ ನನಗೆ ಗೊತ್ತಾಗಲ್ಲ."

ನಮ್ಮ ನಮ್ಮ ಹಿಮೋಗ್ಲೋಬಿನ್ ಎಷ್ಟು ಅಂತ ಆ ಅಧ್ಯಯನದಲ್ಲಿ ನಮಗೆ ಹೇಳುವಂತಿರಲಿಲ್ಲ, ಹೊರಗೆ ನಾವಾಗಿ ಪರೀಕ್ಷೆ ಮಾಡಿಸಿಕೊಳ್ಳುವಂತೆಯೂ ಇರಲಿಲ್ಲ. ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು ಮಾತ್ರೆ. ನುಂಗಿ, ಮೈಯನ್ನು ಕಿವಿಗೊಟ್ಟು ಕೇಳುವುದು. ಇವತ್ತು ಸ್ವಲ್ಪ ಹಗುರವಾಗಿದೆಯಾ? ಅದು ಮಾತ್ರೆಯೋ, ಆಸೆಯೋ? ಸ್ಟೆಲ್ಲಾ ಪ್ರತಿ ಭೇಟಿಯಲ್ಲೂ ನನ್ನ ರೆಪ್ಪೆ ಎಳೆದು ನೋಡುತ್ತಿದ್ದಳು, ನಾನು ಅವಳದು ನೋಡುತ್ತಿದ್ದೆ. ಮಾವಿನಕಾಯಿ ಕೊಳ್ಳುವವರ ಹಾಗೆ. ಭಾರ್ಗವಿ ಬಂದರೆ ಇಬ್ಬರೂ ನೆಟ್ಟಗೆ ಕೂರುತ್ತಿದ್ದೆವು.

ಮಾತ್ರೆ ಶುರುವಾಗಿ ಎರಡು ತಿಂಗಳೋ ಏನೋ ಆಗಿರಬೇಕು. ಒಂದು ಬೆಳಿಗ್ಗೆ ಎದ್ದೆ. ಮಳೆ ಬಂದು ಹೋಗಿತ್ತು, ಕ್ವಾರ್ಟರ್ಸಿನ ಅಂಗಳದಲ್ಲಿ ನೀರು ನಿಂತಿತ್ತು. ಏನೋ ಇಲ್ಲ ಅನಿಸಿತು. ಹಾಸಿಗೆಯ ಮೇಲೆ ಕೂತು ಏನಿಲ್ಲ ಏನಿಲ್ಲ ಎಂದು ಹುಡುಕಿದೆ. ಯಾರೋ ಊರು ಬಿಟ್ಟು ಹೋದ ಹಾಗೆ. ಫ್ಯಾನಿನ ಸದ್ದು ಕೇಳುತ್ತಿತ್ತು, ಅಡುಗೆಮನೆಯಲ್ಲಿ ಅಮ್ಮ ಲೋಟ ಇಟ್ಟದ್ದು ಕೇಳಿತು, ದೂರದಲ್ಲಿ ರೈಲು ಬೋಗಿಗಳ ಶಂಟಿಂಗಿನ ಸದ್ದು. ಪ್ರತಿಯೊಂದೂ ತನ್ನಷ್ಟಕ್ಕೆ, ಅಂಚು ಕತ್ತರಿಸಿದ ಹಾಗೆ. ನನ್ನ ಕಿವಿಯೊಳಗಿನ ಸದ್ದು ಇರಲಿಲ್ಲ. ಸಂತೋಷವಾಗಬೇಕಿತ್ತು. ನನಗೆ ಹೆದರಿಕೆಯಾಯಿತು. ಹಾಗೇ ಎದ್ದು ಹೋಗಿ ಅಮ್ಮನ ಬೆನ್ನಿಗೆ ಒರಗಿ ನಿಂತೆ. "ಏನೇ?" ಅಂದಳು. "ಏನಿಲ್ಲ, ತುಂಬ ನಿಶ್ಶಬ್ದ," ಅಂದೆ.

ಆಮೇಲಿನದು ಒಂದೊಂದಾಗಿ ಬಂತು. ಕಚೇರಿಯ ಮೆಟ್ಟಿಲಿನ ನಡುವೆ ನಾನು ಉಸಿರಿಗೆ ನಿಲ್ಲುತ್ತಿದ್ದ ಜಾಗವನ್ನು ದಾಟಿದ ಮೇಲೆ ನೆನಪಾಯಿತು, ಓ, ನಿಲ್ಲಲಿಲ್ಲ. ಬಸ್ಸಿನಲ್ಲಿ ನಿದ್ದೆ ಬರಲಿಲ್ಲ; ಅಂಗಡಿಗಳ ಹೆಸರುಗಳನ್ನು ಒಂದೊಂದೇ ಕೂಡಿಸಿ ತಮಿಳು ಓದಲು ಕಲಿತೆ. ಒಂದು ಭಾನುವಾರ ಟಿ. ನಗರದಲ್ಲಿ ಅನಘಾಳಿಗೆ ಬಟ್ಟೆ ಕೊಳ್ಳಲು ಹೋದೆವು. ಜನದ ನಡುವೆ ನುಸುಳಿ ನಾನು ಮುಂದೆ ಮುಂದೆ ಹೋಗಿದ್ದೆ. ತಿರುಗಿ ನೋಡಿದರೆ ಶ್ರೀಧರ ಬಹಳ ಹಿಂದೆ, ಕೈಯಲ್ಲಿ ಚೀಲ ಹಿಡಿದು, ಅಪರಿಚಿತಳನ್ನು ನೋಡುವ ಹಾಗೆ ನನ್ನನ್ನು ನೋಡುತ್ತ ನಿಂತಿದ್ದರು.

ಕೋಪವೂ ಬಂತು. ಇದನ್ನು ಯಾರೂ ಹೇಳಿರಲಿಲ್ಲ. ನನ್ನ ಮಾತನ್ನು ಅರ್ಧಕ್ಕೇ ತೆಗೆದುಕೊಂಡು ತಾವೇ ಮುಗಿಸುವುದು ಶ್ರೀಧರರ ಅಭ್ಯಾಸ. ನನಗೆ ಮಾತಾಡಲು ಉಸಿರು ಸಾಲದಿದ್ದ ಕಾಲದಲ್ಲಿ ಅವರು ಮಾಡಿದ ಉಪಕಾರ ಅದು. ಒಂದು ಸಂಜೆ ಊಟಕ್ಕೆ ಕೂತಾಗ ನಾನು ಕಚೇರಿಯ ಏನೋ ವಿಷಯ ಹೇಳಲು ಹೊರಟೆ, ಅವರು ಮುಗಿಸಿದರು.

"ನಾನು ಹೇಳ್ತಾ ಇದ್ದದ್ದು ಅದಲ್ಲ," ಅಂದೆ.

"ಮತ್ತೇನು?"

"ನಾನು ಹೇಳೋದನ್ನ ನೀವು ಯಾವತ್ತಾದ್ರೂ ಕೊನೇವರೆಗೆ ಕೇಳಿದೀರಾ?"

ಧ್ವನಿ ಏರಿರಲಿಲ್ಲ. ಆದರೂ ಅಮ್ಮ ಬಡಿಸುವ ಸೌಟನ್ನು ಹಾಗೇ ಹಿಡಿದು ನಿಂತಳು. ಅನಘಾ ತಟ್ಟೆಯಿಂದ ತಲೆ ಎತ್ತಿ ಮೆಲ್ಲಗೆ, "ಸೂಪರ್‌ಮ್ಮಾ," ಅಂದಳು. ಶ್ರೀಧರ ಅವತ್ತು ಮೊಸರನ್ನ ಬಿಟ್ಟು ಎದ್ದರು. ಮಾರನೇ ಬೆಳಿಗ್ಗೆ ಕಾಫಿ ಹಿಡಿದು ನನ್ನ ಎದುರು ಬಂದು ಕೂತು, "ನಿನ್ನೆ ಏನೋ ಹೇಳ್ತಿದ್ದೆಯಲ್ಲ, ಹೇಳು," ಅಂದರು. ಹೇಳಿದೆ. ಕೊನೆಯವರೆಗೆ ಕೇಳಿದರು. ಆಮೇಲೆ ಲೋಟವನ್ನೇ ನೋಡುತ್ತ, "ನಾನು ಮದುವೆಯಾದ ಪದ್ಮ ಯಾರು ಹಾಗಾದ್ರೆ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ.

ಆ ಪ್ರಶ್ನೆ ನನ್ನದೂ ಆಗಿತ್ತು. ನನ್ನ ತಾಳ್ಮೆ, ನನ್ನ ಸಮಾಧಾನ, ಜಗಳವಾಡದ ನನ್ನ ಒಳ್ಳೆಯತನ, ಇವೆಲ್ಲ ನನ್ನವೋ, ರಕ್ತ ಸಾಲದ್ದರ ಗುಣಗಳೋ? ಆ ನೀರಿನಡಿಯ ಮಧ್ಯಾಹ್ನಗಳೂ ಹೋಗಿದ್ದವು. ಕಿಟಕಿಯ ಬಳಿ ಕೂತು ಅವನ್ನು ಕರೆದು ನೋಡಿದ್ದೇನೆ, ಬರಲಿಲ್ಲ. ಕಾಯಿಲೆಯನ್ನು ಕಳೆದುಕೊಂಡು ದುಃಖಪಡುವುದು ಮೂರ್ಖತನ ಅನ್ನಬಹುದು. ಆದರೆ ನಾಲ್ಕು ದಶಕ ಬಾಳಿದ ಮನೆ ಅದು. ಸೋರುತ್ತಿದ್ದರೂ ನನ್ನದು.

ಇತ್ತ ಸ್ಟೆಲ್ಲಾ ಹಾಗೇ ಇದ್ದಳು. ಕುರ್ಚಿಯಲ್ಲಿ ನಿದ್ದೆ, ಮಾತಿನ ನಡುವೆ ಉಸಿರು. ನಾನು ಅವಳ ಮುಂದೆ ಬೇಕೆಂದೇ ಮೆಲ್ಲಗೆ ನಡೆಯುತ್ತಿದ್ದೆ. ಒಂದು ದಿನ ಅವಳೇ ಹೇಳಿದಳು. "ಅಕ್ಕಾ, ನಾಟಕ ಬೇಡ. ನಿಮ್ಮ ತುಟಿ ಬಣ್ಣ ಹಚ್ಚಿದ ಹಾಗಿದೆ. ನನ್ನದು ಹುಸಿ." ಆ ಪದ ನಾನೇ ಕಲಿಸಿದ್ದು.

"ಕೆಲವರಿಗೆ ನಿಜವಾದದ್ದು ಕೊಟ್ಟರೂ ಕೆಲಸ ಮಾಡಲ್ವಂತೆ," ಅಂದೆ. ಅದು ಸುಳ್ಳಾಗಿರಲಿಲ್ಲ. ನಮ್ಮ ಜೊತೆಯಲ್ಲೇ ಬರುತ್ತಿದ್ದ ಒಬ್ಬ ಹಿರಿಯರಿಗೆ ಯಕೃತ್ತಿನ ತೊಂದರೆಯಾಗಿ ಮಾತ್ರೆ ನಿಲ್ಲಿಸಿದ್ದರು.

"ಇದು ಸಮಾಧಾನ ಹೇಳೋ ರೀತಿನಾ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಬೇವಿನ ಮರ ನೋಡುತ್ತ ಕೂತಳು. "ಹೊಟ್ಟೆಕಿಚ್ಚಾಗುತ್ತೆ ಅಕ್ಕಾ. ನಿಮ್ಮ ಮೇಲಲ್ಲ. ಆದ್ರೂ ಆಗುತ್ತೆ. ಮುಂದಿನ ಸಲ ನಾನು ಬೇರೆ ಹೊತ್ತಿಗೆ ಬರ್ತೀನಿ, ತಪ್ಪು ತಿಳೀಬೇಡಿ." ಹಾಗೇ ಮಾಡಿದಳು. ಎರಡು ಭೇಟಿ ನನ್ನ ಪಕ್ಕದ ಕುರ್ಚಿ ಖಾಲಿಯಿತ್ತು.

ಮೊದಲ ಹಂತ ಮುಗಿಯುವ ಹೊತ್ತಿಗೆ ಅವಳೇ ಫೋನ್ ಮಾಡಿದಳು. ಇನ್ನು ಮುಂದೆ ಹುಸಿಯಿಲ್ಲ, ಎಲ್ಲರಿಗೂ ನಿಜವಾದ ಮಾತ್ರೆಯೇ ಎಂದು ನಮಗೆ ಹೇಳಿದ್ದರು. ನನಗೆ ಅವಳಿಗಿಂತ ಹೆಚ್ಚು ಖುಷಿಯಾಗಿತ್ತು. "ನಾನು ಬಿಡ್ತಾ ಇದೀನಿ ಅಕ್ಕಾ," ಅಂದಳು.

ಮಾರನೇ ದಿನ ಕಾಯುವ ಕೋಣೆಯಲ್ಲೇ ಸಿಕ್ಕೆವು. ಅವಳಿಗೆ ಮಗು ಬೇಕಾಗಿತ್ತು. ಮಾತ್ರೆಯಲ್ಲಿರುವವರೆಗೆ ಆಗುವಂತಿಲ್ಲ, ಮಾತ್ರೆ ಇಷ್ಟು ದಿನ ಅಂತ ಹೇಳುವಂತಿಲ್ಲ. ವಯಸ್ಸು ಕಾಯುವುದಿಲ್ಲ. ರಕ್ತ ಹಾಕಿಸಿಕೊಂಡು, ಹತ್ತಿರದಿಂದ ನೋಡಿಕೊಂಡರೆ ಆಗಬಹುದು, ಅಪಾಯ ಇಲ್ಲದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರಂತೆ.

ನಾನು ವಾದ ಮಾಡಿದೆ. ಹೊಸ ರಕ್ತದ ಬಲದಲ್ಲಿ ವಾದ ಮಾಡಿದೆ. ಒಂದು ವರ್ಷ ತಗೋ, ಮೈ ಹೇಗಾಗುತ್ತೆ ನೋಡು, ಜೀವ ಮುಖ್ಯ, ಆಮೇಲೆ ಮಗು. "ನಿನಗೆ ಗೊತ್ತಿಲ್ಲ, ಈ ಕಡೆ ಹೇಗಿದೆ ಅಂತ," ಅಂದುಬಿಟ್ಟೆ.

"ಗೊತ್ತಿಲ್ಲ. ಅದಕ್ಕೇ ಬಿಡೋದು ಸುಲಭ," ಅಂದಳು. "ಒಂದು ಸಲ ಆ ಕಡೆ ಬಂದ್ರೆ ನಾನು ಹಿಂದೆ ಬರಲ್ಲ ಅಕ್ಕಾ. ನನ್ನ ನಾನು ಚೆನ್ನಾಗಿ ಬಲ್ಲೆ. ಆಗ ಮಗು ಬೇಡ ಅನಿಸಿಬಿಟ್ರೆ?"

ಭಾರ್ಗವಿ ಬಂದು ಯಾವ ಕಾರಣವನ್ನೂ ಕೇಳದೆ ಅವಳ ಸಹಿ ತೆಗೆದುಕೊಂಡಳು. ಹೋಗುವಾಗ ಸ್ಟೆಲ್ಲಾ ಅಭ್ಯಾಸಬಲದಿಂದ ನನ್ನ ರೆಪ್ಪೆ ಎಳೆದು ನೋಡಿ, "ಚೆನ್ನಾಗಿದೆ," ಎಂದು ಹೇಳಿ ಹೋದಳು.

ಅವಳು ಗರ್ಭಿಣಿಯಾದಳು. ರಕ್ತ ಬೇಕಾಗುತ್ತ ಹೋಯಿತು, ಹೊಟ್ಟೆ ಬೆಳೆದಷ್ಟೂ ಹೆಚ್ಚು. ಗಂಡ ದೋಣಿಯ ಮೇಲಿರುತ್ತಿದ್ದ ವಾರಗಳಲ್ಲಿ ಅವಳ ಅತ್ತೆ ರಕ್ತ ಕೊಡುವವರು ಬೇಕೆಂದು ನನಗೆ ಫೋನ್ ಮಾಡುತ್ತಿದ್ದರು. ನನ್ನ ರಕ್ತವನ್ನು ಯಾರಿಗೂ ಕೊಡುವಂತಿಲ್ಲ. ನಾನು ಯಾರನ್ನು ಕೇಳುವುದು ಎಂದು ಯೋಚಿಸುತ್ತಿರುವಾಗ ಶ್ರೀಧರ ಪೇಪರ್ ಮಡಚಿ, "ನಾನು ಬರ್ತೀನಿ," ಅಂದರು. ಸೂಜಿ ಕಂಡರೆ ಮುಖ ತಿರುಗಿಸುವ ಮನುಷ್ಯ. ಅನಘಾ ಮಗುವಾಗಿದ್ದಾಗ ಅವಳಿಗೆ ಚುಚ್ಚುಮದ್ದು ಹಾಕಿಸುವ ದಿನ ಇವರಿಗೆ ವರ್ಕ್‌ಷಾಪಿನಲ್ಲಿ ತಪ್ಪದೆ ತುರ್ತು ಕೆಲಸ ಬರುತ್ತಿತ್ತು.

ರಕ್ತನಿಧಿಯ ಮಂಚದ ಮೇಲೆ ಅವರು ಕಣ್ಣು ಮುಚ್ಚಿ ಮಲಗಿದ್ದರು. ನಾನು ಇನ್ನೊಂದು ಕೈ ಹಿಡಿದು ಕೂತಿದ್ದೆ. ಕೊಳವೆಯಲ್ಲಿ ರಕ್ತ ಇಳಿದು ಹೋಗುವುದನ್ನು ನೋಡಿದೆ. ಎಷ್ಟು ಗಾಢ ಬಣ್ಣ. ಇಷ್ಟು ವರ್ಷ ನನ್ನ ಪಕ್ಕದಲ್ಲೇ ಮಲಗಿತ್ತು ಅದು.

"ಮುಗೀತಾ?" ಅಂದರು ಕಣ್ಣು ಬಿಡದೆ.

"ಇನ್ನೂ ಸ್ವಲ್ಪ."

"ಮಾತಾಡ್ತಾ ಇರು. ನಾನು ನಡುವೆ ಬಾಯಿ ಹಾಕಲ್ಲ."

ಮಾತಾಡಿದೆ. ಏನು ಮಾತಾಡಿದೆನೋ, ಒಂದೂ ನೆನಪಿಲ್ಲ. ಮುಂದಿನ ಸಲ ಅವರ ವರ್ಕ್‌ಷಾಪಿನ ಇಬ್ಬರು ಬಂದರು, ಆಮೇಲೆ ಅವರ ಸ್ನೇಹಿತರು. ಅವರು ಯಾರೂ ಸ್ಟೆಲ್ಲಾಳನ್ನು ಕಂಡವರಲ್ಲ.

ಹೆರಿಗೆ ಸ್ವಲ್ಪ ಮುಂಚೆಯೇ ಆಯಿತು. ಸ್ಟೆಲ್ಲಾ ಎರಡು ದಿನ ಕಣ್ಣು ಬಿಡದೆ ಮಲಗಿದ್ದಳು. ನನ್ನ ಅಮ್ಮ ತನ್ನ ದೇವರಿಗೆ, ಅವಳ ಅತ್ತೆ ತನ್ನ ಚರ್ಚಿನ ಮಾತೆಗೆ ಹರಕೆ ಹೊತ್ತರು. ಮೂರನೇ ದಿನ ಬೆಳಿಗ್ಗೆ ನೀರು ಕೇಳಿದಳು. ಹೆಣ್ಣು ಮಗು. ತಾಯಿಯ ಕಾಯಿಲೆ ಮಗುವಿಗಿಲ್ಲ, ನನ್ನ ಅನಘಾಳ ಹಾಗೆ ಒಂದು ಪಾಲು ಇದೆಯಷ್ಟೇ.

ನಮ್ಮ ಅಧ್ಯಯನವೂ ಪೂರ್ತಿ ಮುಗಿಯಿತು. ನನಗೆ ಸಿಕ್ಕಿದ್ದು ನಿಜವಾದ ಮಾತ್ರೆ, ಸ್ಟೆಲ್ಲಾಳದು ಹುಸಿ ಎಂದು ಡಾಕ್ಟರಮ್ಮ ಹೇಳಿದರು. ನಮ್ಮಿಬ್ಬರಿಗೂ ಅದು ಸುದ್ದಿಯಲ್ಲ. ನಾನಿನ್ನೂ ಅದೇ ಮಾತ್ರೆಯಲ್ಲಿದ್ದೇನೆ. ಎಷ್ಟು ವರ್ಷ ಹೀಗೇ ಇರುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ತಿಳಿದವರು ಹಾಗೆಂದು ಒಪ್ಪಿಕೊಳ್ಳುತ್ತಾರೆ. ಸ್ಟೆಲ್ಲಾ ಮಗುವಿಗೆ ಹಾಲು ಬಿಡಿಸಿದ ಮೇಲೆ ಅವಳಿಗೂ ಸಿಗುವ ದಾರಿಯಿದೆಯೇ ಎಂದು ಡಾಕ್ಟರಮ್ಮ ಪ್ರಯತ್ನಿಸುತ್ತಿದ್ದಾರೆ. ಆಗಬಹುದು. ಆಗದೇ ಇರಬಹುದು.

ಮಗುವಿಗೆ ತಿಂಗಳು ತುಂಬುವ ಮೊದಲು ಒಂದು ಬೆಳಿಗ್ಗೆ ಕಾಸಿಮೇಡಿಗೆ ಹೋದೆ. ಬಂದರಿನಲ್ಲಿ ಮೀನಿನ ಹರಾಜು ಮುಗಿಯುತ್ತ ಬಂದಿತ್ತು. ಬುಟ್ಟಿ ಹೊತ್ತವರು, ಮಂಜುಗಡ್ಡೆಯ ನೀರು, ಕೂಗಿ ಕೂಗಿ ಒಡೆದ ಧ್ವನಿಗಳು. ಅತ್ತೆ ಹರಾಜಿಗೆ ಹೋಗಿದ್ದರು. ಹೊಲಿಗೆ ಯಂತ್ರದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಸ್ಟೆಲ್ಲಾ ಮಲಗಿದ್ದಳು, ಪಕ್ಕದಲ್ಲಿ ಮಗು. ಮುಖ ಸುಣ್ಣದ ಹಾಗಿತ್ತು. ಎದ್ದು ಕೂರಲು ಹೋದಳು, ಬೇಡ ಅಂದೆ.

"ಅಕ್ಕಾ," ಅಂದಳು, "ಅವತ್ತು ನಾನು ಕೇಳಲಿಲ್ಲ. ಕೇಳಿದ್ರೆ ಆಸೆಯಾಗುತ್ತೆ ಅಂತ. ಈಗ ಹೇಳಿ. ಹೇಗಿರುತ್ತೆ ಆ ಕಡೆ?"

ಹೇಳಬೇಕೆಂದು ಎಷ್ಟು ಸಲ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆನೋ. ಅವಳ ಮುಂದೆ ಕೂತಾಗ ಅವೆಲ್ಲ ದೊಡ್ಡ ಮಾತುಗಳು ಅನಿಸಿದವು. "ಏನೂ ಅನಿಸೋದಿಲ್ಲ ಸ್ಟೆಲ್ಲಾ," ಅಂದೆ. "ಮೈ ಅಂತ ಒಂದು ಇದೆ ಅನ್ನೋದೇ ಮರೆತುಹೋಗುತ್ತೆ. ನೀರು ತರೋಣ ಅಂದ್ಕೊಂಡ್ರೆ ಆಗಲೇ ಕೊಡ ಕೈಯಲ್ಲಿರುತ್ತೆ. ನಡುವೆ ಏನೂ ಇರೋದಿಲ್ಲ."

"ನಡುವೆ ಏನೂ ಇರಲ್ವಾ," ಎಂದು ತನ್ನಷ್ಟಕ್ಕೇ ಅಂದುಕೊಂಡಳು. ರೆಪ್ಪೆಗಳು ಭಾರವಾಗುತ್ತಿದ್ದವು. ಅಷ್ಟರಲ್ಲಿ ಮಗು ಅಳಲು ಶುರುಮಾಡಿತು. ಸ್ಟೆಲ್ಲಾ ಕೈ ಚಾಚಿದಳು, ಕೈ ಅರ್ಧದಲ್ಲೇ ಚಾಪೆಗೆ ಬಿತ್ತು.

"ನೀನು ಮಲಗು, ನಾನಿದೀನಿ," ಎಂದು ಮಗುವನ್ನು ಎತ್ತಿಕೊಂಡೆ. ಬಾಗಿಲು ದಾಟುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು.

ಬೀದಿಯ ಕೊನೆಯ ತಡೆಗೋಡೆಯವರೆಗೂ ನಡೆದೆ. ಆಚೆ ಸಮುದ್ರ ಬೆಳಕಿಗೆ ಮಸುಕಾಗಿ, ಎಲ್ಲಿ ನೀರು ಮುಗಿದು ಎಲ್ಲಿ ಆಕಾಶ ಶುರುವಾಗುತ್ತದೆಂದು ತಿಳಿಯದ ಹಾಗಿತ್ತು. ಮಗು ಇನ್ನೂ ಅಳುತ್ತಿತ್ತು. ಇಷ್ಟು ಪುಟ್ಟ ಎದೆಯಲ್ಲಿ ಅಷ್ಟೊಂದು ಉಸಿರು. ಅದಕ್ಕೆ ಕನ್ನಡದಲ್ಲಿ ಏನೇನೋ ಹೇಳಿದೆ. ದೋಣಿ ನೋಡು ಅಂದೆ, ಕಾಗೆ ನೋಡು ಅಂದೆ. ಅಳು ನಿಂತಿತು. ಬಟ್ಟೆಯಿಂದ ಒಂದು ಕಾಲು ಹೊರಗೆ ಬಂದಿತ್ತು. ಆ ಪುಟ್ಟ ಅಂಗಾಲನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದೆ. ದಾಸವಾಳದ ಮೊಗ್ಗಿನಷ್ಟು ಕೆಂಪಗಿತ್ತು.